ಕರಿಗಲ್ಲು ಮಾತಾಡಬಾರದು

ಹ್ವಾಚೊನ್, ಮಾರ್ಚ್ ೨೦, ೨೦೦೫

ನಾರೆ,

ತರಬೇತಿ ಮುಗಿಯಿತು. ಈಗ ಹಾಕಿರುವ ಜಾಗದಲ್ಲಿ ಬೆಟ್ಟ ಬಿಟ್ಟರೆ ಬೆಟ್ಟ, ಹಿಮ ಬಿಟ್ಟರೆ ಸಲಿಕೆ. ಇಡೀ ಬ್ಯಾರಕ್ಕಿಗೆ ನಾನೇ ಕಿರಿಯ. ಯಾರು ಕರೆದರೂ "ಸಿಪಾಯಿ ತಾಕ್ ಜಿನ್ಮೊ!" ಎಂದು ಗಂಟಲು ಹರಿಯುವಂತೆ ಒದರಿ ನೆಟ್ಟಗೆ ನಿಲ್ಲಬೇಕು. ಅಮ್ಮನಿಗೆ ಚೆನ್ನಾಗಿ ಊಟ ಮಾಡುತ್ತಿದ್ದಾನೆ ಎಂದು ಹೇಳು. ಸಲಿಕೆಯ ವಿಷಯ ಹೇಳಬೇಡ.

ಈಗ ಕೆಲಸದ ಮಾತು. 'ಏಳು ಗೋಪುರ' ಆನ್‌ಲೈನ್ ಆಟದಲ್ಲಿ ನಾನು ಆಡಿಸುವ ಕರಿಗಲ್ಲು ಉತ್ತರ ಕೋಟೆಯ ಒಡೆಯ ಎಂಬುದು ನಿನಗೆ ಗೊತ್ತು. ಒಡೆಯ ಮೂವತ್ತು ದಿನ ಮುಖ ತೋರಿಸದಿದ್ದರೆ ಕೋಟೆ ಕೈತಪ್ಪುತ್ತದೆ, ಇದು ಆಟದ ಕಾನೂನು. ಅದನ್ನು ಗೆದ್ದು ಕಟ್ಟಿ ನಿಲ್ಲಿಸಲು ಎರಡು ವರ್ಷ ಹಿಡಿಯಿತು. ಗುನ್ಸಾನ್‌ನಲ್ಲಿ ತಾಕ್ ಜಿನ್ಮೊ ಎಂದರೆ ಪಲ್ಯದ ಅಂಗಡಿಯವಳ ಮಗ, ಪಾಲಿಟೆಕ್ನಿಕ್ ಅರ್ಧಕ್ಕೆ ಬಿಟ್ಟವನು. ಆದರೆ ಆ ಕೋಟೆಯೊಳಗೆ ನಾನು ಕಾಲಿಟ್ಟರೆ ನಲವತ್ತು ಜನ ಎದ್ದು ನಿಲ್ಲುತ್ತಾರೆ. ನನಗೆ ಇರುವುದು ಅದೊಂದೇ.

ಆದ್ದರಿಂದ ನಿನ್ನ ಟ್ಯೂಷನ್ ಕಟ್ಟಡದ ಕೆಳಗಿನ ಕಂಪ್ಯೂಟರ್ ಅಂಗಡಿಗೆ ಹೋಗು. ಪಾಸ್‌ವರ್ಡ್ ಹಿಂದಿನ ಪುಟದಲ್ಲಿದೆ. ಕರಿಗಲ್ಲಾಗಿ ಒಳಗೆ ಹೋಗು, ಅಂಗಳದಲ್ಲಿ ಐದು ನಿಮಿಷ ನಿಲ್ಲು, ಹೊರಗೆ ಬಾ. ಮಾತಾಡಬಾರದು. ಕರಿಗಲ್ಲು ಮೂರೇ ಮಾತಿನ ಮನುಷ್ಯ: "ನಿಲ್ಲಿ", "ನಡೀರಿ", "ಸುಮ್ನಿರಿ". ಅದಕ್ಕೇ ಅವನಿಗೆ ಮರ್ಯಾದೆ. ಬೇರೆಯವರು ಆಡುತ್ತಿದ್ದಾರೆ ಎಂದು ಗೊತ್ತಾದರೆ ಕಂಪನಿಯವರು ಕರಿಗಲ್ಲನ್ನೇ ಅಳಿಸಿಹಾಕುತ್ತಾರೆ, ನೆನಪಿರಲಿ.

ಇನ್ನೊಂದು. ಆಟದ ಜಾಲತಾಣದಲ್ಲಿ 'ಆಟಗಾರರ ಅಭಿಪ್ರಾಯ' ಎಂಬ ಪುಟವಿದೆ. ಅಲ್ಲಿ ನನ್ನ ಬಗ್ಗೆ ಯಾರಾದರೂ ಬರೆದಿದ್ದರೆ ಅಚ್ಚು ಹಾಕಿಸಿ ಕಳಿಸು. ಇಲ್ಲಿ ಕಂಪ್ಯೂಟರ್ ಇಲ್ಲ. ಫೋನ್ ಒಂದಿದೆ, ಅದರ ಮುಂದೆ ಎಂಟು ಜನ ಹಿರಿಯರೂ ಇದ್ದಾರೆ.

ಅಣ್ಣ ಜಿನ್ಮೊ

*

ಗುನ್ಸಾನ್, ಏಪ್ರಿಲ್ ೧

ಒಡೆಯರಿಗೆ ತಂಗಿಯ ಸಲಾಂ,

ಅಮ್ಮ ನಿನ್ನ ಪತ್ರವನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದಾಳೆ (ಒಂದನೇ ಪುಟ ಮಾತ್ರ, ಸಲಿಕೆ ಬಂದ ಸಾಲಿನ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದೇನೆ). ಮೂಲಂಗಿ ಕಿಮ್ಚಿ ತೆಗೆದುಕೊಳ್ಳಲು ಬಂದವರೆಲ್ಲ "ಮಗ ಹೇಗಿದಾನೆ? ಚಳಿ ಜಾಸ್ತಿನಾ?" ಎಂದು ಕೇಳುತ್ತಾರೆ. ನಾನು ಪಕ್ಕದಲ್ಲೇ ಡಬ್ಬಿಗೆ ಮುಚ್ಚಳ ಹಾಕುತ್ತಾ ನಿಂತಿರುತ್ತೇನೆ. ಎರಡನೇ ಸಲ ಪ್ರವೇಶ ಪರೀಕ್ಷೆಗೆ ಕೂತಿರುವವಳನ್ನು ಏನು ಕೇಳುವುದು ಎಂದು ಯಾರಿಗೂ ತೋಚುವುದಿಲ್ಲ.

ನೀನು ಹೇಳಿದಂತೆ ಹೋದೆ, ನಿಂತೆ, ಬಂದೆ. ನಿಜವಾಗಿಯೂ ಎದ್ದು ನಿಲ್ಲುತ್ತಾರಲ್ಲೋ! ನನಗೆ ನಗು ತಡೆಯಲಾಗಲಿಲ್ಲ. ಬೂದಿಬೆಕ್ಕು ಎಂಬುವಳು ನಿನ್ನ ಬಲಗೈ ತಾನೆ? ಅವಳು "ಒಡೆಯಾ, ಬಂದ್ರಾ" ಎಂದಳು. ನಾನು "ಸುಮ್ನಿರಿ" ಎಂದೆ. ಎಲ್ಲರೂ ಸುಮ್ಮನಾದರು. ಎಷ್ಟು ಬೇಜಾರಿನ ಜಾಗ ಕಟ್ಟಿದ್ದೀಯ.

ಅಭಿಪ್ರಾಯಗಳನ್ನು ಲಗತ್ತಿಸಿದ್ದೇನೆ:

"ಕೋಟೆಗೆ ಹೋಗೋ ಜೌಗು ದಾರಿ ಸಿಕ್ಕಾಪಟ್ಟೆ ಉದ್ದ. ಕೆಲಸಕ್ಕೆ ಹೋಗೋರು ಯಾವಾಗ ಆಡ್ಬೇಕು? ಕಂಪನಿಯೋರು ಒಂದ್ಸಲ ನಡ್ದು ನೋಡ್ಲಿ."

"ಉತ್ತರ ಕೋಟೆ ಬಿಗಿಯಾಗಿದೆ. ಕರಿಗಲ್ಲು ಇರೋವರ್ಗೂ ಯಾರೂ ಮುಟ್ಟಕ್ಕಾಗಲ್ಲ."

ನಾರೆ

*

ಹ್ವಾಚೊನ್, ಏಪ್ರಿಲ್ ೧೦

ನಾರೆ,

"ಕರಿಗಲ್ಲು ಇರೋವರ್ಗೂ ಯಾರೂ ಮುಟ್ಟಕ್ಕಾಗಲ್ಲ." ಇದನ್ನು ಹದಿನೈದು ಸಲ ಓದಿರಬಹುದು. ಶೌಚಾಲಯ ಉಜ್ಜುವಾಗ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ.

ಒಂದು ಎಡವಟ್ಟಾಯಿತು. ಇಲ್ಲಿ ಕಿರಿಯರಿಗೆ ಬಂದ ಪತ್ರವನ್ನು ಹಿರಿಯರು ಕೇಳಿದರೆ ತೋರಿಸಬೇಕು. ಹವಾಲ್ದಾರ್ ಗುಕ್ ಎಂಬಾತ, ಕಡ್ಡಾಯ ಸೇನಾ ಸೇವೆಯಿಂದ ಬಿಡುಗಡೆಗೆ ಐದು ತಿಂಗಳು ಬಾಕಿ ಇರುವುದರಿಂದ ದಿನವಿಡೀ ಮಲಗಿಯೇ ಇರುವ ಮಹಾನುಭಾವ, ನಿನ್ನ ಪತ್ರವನ್ನು ಎಲ್ಲರೆದುರು ನಾಟಕದಂತೆ ಓದಿದ. ಈಗ ಎಲ್ಲರೂ ನನಗೆ "ಏನಪ್ಪಾ ಕೋಟೆ ಸಾಹೇಬ, ನನ್ನ ಬೂಟು ಸ್ವಲ್ಪ ಪಾಲಿಶ್ ಮಾಡಿ" ಎನ್ನುತ್ತಾರೆ. ಪರವಾಗಿಲ್ಲ. ಕೋಟೆ ಇದೆಯಲ್ಲ.

ಇನ್ನಷ್ಟು ಅಭಿಪ್ರಾಯ ಕಳಿಸು. ಬೇಜಾರಿನ ಜಾಗ ಎಂದೆಯಲ್ಲ, ಶಿಸ್ತು ಎಂದರೆ ಹಾಗೆಯೇ ಇರುತ್ತದೆ. ನಿನಗೆ ಅರ್ಥವಾಗುವುದಿಲ್ಲ.

ಜಿನ್ಮೊ

*

ಗುನ್ಸಾನ್, ಏಪ್ರಿಲ್ ೧೯

ಅಣ್ಣಾ,

ಎಲ್ಲ ಚೆನ್ನಾಗಿದೆ. ಅಮ್ಮನಿಗೆ ಮಂಡಿ ನೋವು, ಹೆಚ್ಚಿಲ್ಲ. ಅಣಕು ಪರೀಕ್ಷೆಯ ಫಲಿತಾಂಶ ಬಂತು, ಅದರ ಬಗ್ಗೆ ಕೇಳಬೇಡ. ಕೋಟೆ ಕ್ಷೇಮ.

ಅಭಿಪ್ರಾಯ ಒಂದೇ ಒಂದು ಸಿಕ್ಕಿತು:

"ಹೊಸಬರಿಗೆ ಈ ಆಟದಲ್ಲಿ ಯಾರೂ ದಿಕ್ಕಿಲ್ಲ ಅಂದ್ಕೊಂಡಿದ್ದೆ. ಹೋದ್ವಾರ ಜೌಗಲ್ಲಿ ಸಿಕ್ಕಾಕೊಂಡು ಮೂರು ಸಲ ಸತ್ತೆ. ನಾಲ್ಕನೇ ಸಲ ಕರಿಗಲ್ಲು ಬಂದ್ರು. ಸಾಕ್ಷಾತ್ ಒಡೆಯರೇ! ಕೊನೇವರ್ಗೂ ಮುಂದೆ ಮುಂದೆ ನಡ್ದು ದಾಟಿಸಿದ್ರು. ಕೈಮುಗೀತೀನಿ. ಇಂತಿ ಉಪ್ಪುಮೀನು."

ನಾರೆ

*

ಹ್ವಾಚೊನ್, ಏಪ್ರಿಲ್ ೨೭

ನಾರೆ,

ನಾನು ಯಾರನ್ನೂ ಜೌಗು ದಾಟಿಸಿದವನಲ್ಲ. ಎರಡು ವರ್ಷದಲ್ಲಿ ಒಬ್ಬರನ್ನೂ ಇಲ್ಲ. ಅಲ್ಲಿ ಸತ್ತು ಸತ್ತೇ ಕಲಿಯಬೇಕು, ನಾನು ಕಲಿತದ್ದೂ ಹಾಗೆಯೇ.

ಐದು ನಿಮಿಷ ನಿಲ್ಲು ಎಂದಿದ್ದೆ. ಜೌಗು ದಾಟಲು ಒಂದೂವರೆ ಗಂಟೆ ಬೇಕು. ಏನು ನಡೆಯುತ್ತಿದೆ? ಎಷ್ಟು ಮಾತಾಡಿದ್ದೀಯ? ಅಭಿಪ್ರಾಯ ಒಂದೇ ಸಿಕ್ಕಿತು ಎಂದರೆ ನಂಬುವುದಕ್ಕೆ ನಾನು ನಿನ್ನೆ ಹುಟ್ಟಿದವನಲ್ಲ. ಒಂದನ್ನೂ ಬಿಡದೆ ಎಲ್ಲ ಕಳಿಸು. ಕೆಟ್ಟದ್ದನ್ನೂ.

ಹವಾಲ್ದಾರ್ ಗುಕ್ ಉಪ್ಪುಮೀನಿನ ಅಭಿಪ್ರಾಯವನ್ನು ಓದಿ, "ನೋಡ್ರೋ, ನಮ್ ಸಿಪಾಯಿಗೆ ಎಂಥಾ ಮನಸ್ಸು!" ಎಂದು ನನ್ನ ಬೆನ್ನು ತಟ್ಟಿ ಅರ್ಧ ಬಿಸ್ಕತ್ತು ಕೊಟ್ಟ. ನೀನು ಮಾಡಿದ್ದಕ್ಕೆ ನನಗೆ ಬಿಸ್ಕತ್ತು. ಬಾಯಲ್ಲಿಟ್ಟರೆ ಮಣ್ಣು ತಿಂದಂತಾಯಿತು.

ಜಿನ್ಮೊ

*

ಗುನ್ಸಾನ್, ಮೇ ೫

ಅಣ್ಣಾ,

ಸರಿ, ಹೇಳಿಬಿಡುತ್ತೇನೆ. ಎರಡನೇ ದಿನವೇ ಮಾತಾಡಿದೆ.

ಅಂಗಳದಲ್ಲಿ ನಿಂತಿದ್ದೆ. ಬೂದಿಬೆಕ್ಕು ಪಕ್ಕದಲ್ಲೇ ನಿಂತಿದ್ದಳು. ಅವಳು ಬುಸಾನ್‌ನಲ್ಲಿ ದಾದಿ ಎಂದು ನಿನಗೆ ಗೊತ್ತೇ? ಪಾಳಿ ಮುಗಿಸಿ ಬಂದವಳು, "ಒಡೆಯಾ, ಇವತ್ತು ತುಂಬಾ ಸುಸ್ತು, ಕಾವಲಿಗೆ ಬೇರೆಯವ್ರನ್ನ ಹಾಕ್ಲಾ?" ಎಂದು ಹೆದರಿ ಹೆದರಿ ಕೇಳಿದಳು. "ಸುಮ್ನಿರಿ" ಎನ್ನಲು ನನ್ನ ಕೈ ಬರಲಿಲ್ಲ. "ಹೋಗಿ ಮಲಕ್ಕೊಳ್ಳಮ್ಮ, ನಾನಿರ್ತೀನಿ" ಎಂದೆ. ಅವಳು ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು. ಆಮೇಲೆ "ಒಡೆಯಾ, ಹುಷಾರಾಗಿದೀರಾ?" ಎಂದಳು.

ಅಲ್ಲಿಂದ ಶುರುವಾಯಿತು. ಈಗ ದಿನಾ ಸಂಜೆ ಪಾಠ ಮುಗಿದ ಮೇಲೆ ಹೋಗುತ್ತೇನೆ. ಜೌಗಿನಲ್ಲಿ ಒಂದು ಕಪ್ಪೆಗೆ ಹೆಸರಿಟ್ಟಿದ್ದೇವೆ. ಅದನ್ನು ಯಾರೂ ಕೊಲ್ಲಬಾರದು ಎಂದು ನಿನ್ನ ಹೆಸರಿನಲ್ಲಿ ಆಜ್ಞೆ ಹೊರಡಿಸಿದ್ದೇನೆ. ಕ್ಷಮಿಸು. ಅಷ್ಟೇನೂ ಪಶ್ಚಾತ್ತಾಪವಿಲ್ಲ, ಆದರೂ ಕ್ಷಮಿಸು.

ಎಲ್ಲ ಕಳಿಸು ಎಂದೆಯಲ್ಲ, ಕಳಿಸಿದ್ದೇನೆ. ಬೇಡವೆಂದೇ ಇಷ್ಟು ದಿನ ಇಟ್ಟುಕೊಂಡಿದ್ದೆ.

"ಉತ್ತರ ಕೋಟೆ ಬಿಟ್ಟು ವರ್ಷ ಆಗಿತ್ತು. ಅಲ್ಲಿ ಉಸ್ರಾಡಕ್ಕೂ ಅಪ್ಪಣೆ ಕೇಳ್ಬೇಕಿತ್ತು. ಈಗ ಕರಿಗಲ್ಲು ಬದ್ಲಾಗಿದಾರೆ ಅಂತ ಕೇಳಿ ವಾಪಸ್ ಬಂದೆ. ನಿಜ."

"ಕರಿಗಲ್ಲಿಗೆ ಮದ್ವೆ ಆಗಿರ್ಬೇಕು. ಮನುಷ್ಯ ಆಗ್ಬಿಟ್ಟಿದಾನೆ."

"ಹಳೇ ಕರಿಗಲ್ಲನ್ನ ಕಂಡ್ರೆ ಹೆದ್ರಿಕೆ. ಈಗಿನ ಕರಿಗಲ್ಲು ಬರ್ಲಿಲ್ಲ ಅಂದ್ರೆ ಬೇಜಾರು. ಬೂದಿಬೆಕ್ಕು."

ನಾರೆ

*

ಹ್ವಾಚೊನ್, ಮೇ ೧೧

ನಾರೆ,

ಶನಿವಾರದಿಂದ ನನ್ನ ಮೊದಲ ರಜೆ. ಐದು ದಿನ. ಅಮ್ಮನಿಗೆ ಹೇಳು.

ಆ ಹಾಳೆಗಳನ್ನು ಹವಾಲ್ದಾರ್ ಗುಕ್ ಓದಿದ. ನಿನ್ನ ಪತ್ರವನ್ನೂ ಓದಿ ವಿಷಯ ತಿಳಿದುಕೊಂಡ. ಇಡೀ ಬ್ಯಾರಕ್ಕಿಗೆ ಡಂಗುರ ಸಾರಿ, "ಹಳಬನಿಗಿಂತ ಹೊಸಬಳೇ ಚೆನ್ನಾಗವ್ಳೆ ಕಣ್ರೋ" ಎಂದು ತೀರ್ಪು ಕೊಟ್ಟ. ಕಪ್ಪೆಯ ಹೆಸರೇನೆಂದು ಎಲ್ಲರೂ ನನ್ನನ್ನು ಕೇಳುತ್ತಿದ್ದಾರೆ. ನನಗೆ ಗೊತ್ತಿಲ್ಲ.

ಬೂದಿಬೆಕ್ಕು ದಾದಿ ಎಂಬುದೂ ನನಗೆ ಗೊತ್ತಿರಲಿಲ್ಲ. ಎರಡು ವರ್ಷ ನನ್ನ ಬಲಗಡೆ ನಿಂತಿದ್ದಳು. ಕೇಳಿರಲಿಲ್ಲ.

ಹೊಟ್ಟೆ ಉರಿಯುತ್ತಿದೆ, ಮುಚ್ಚಿಡುವುದಿಲ್ಲ. ಎರಡು ವರ್ಷ ಬೆನ್ನು ಮುರಿದು ಕೋಟೆ ಕಟ್ಟಿದವನು ನಾನು. ನೀನು ಆರು ವಾರ ಹರಟೆ ಹೊಡೆದು ಅವರೆಲ್ಲರನ್ನೂ ಬುಟ್ಟಿಗೆ ಹಾಕಿಕೊಂಡೆ. ಅದೂ ನನ್ನ ಮುಖ ಹಾಕಿಕೊಂಡು.

ಜಿನ್ಮೊ

*

ಗುನ್ಸಾನ್, ಮೇ ೨೩

ಅಣ್ಣಾ,

ನೀನು ಐದು ದಿನ ಮನೆಯಲ್ಲಿದ್ದೆ. ಅಮ್ಮ ಮಾಡಿದ್ದನ್ನೆಲ್ಲ ತಿಂದೆ, ನನ್ನ ಜೊತೆ ನಕ್ಕೆ, ಆಟದ ಮಾತನ್ನೇ ಎತ್ತಲಿಲ್ಲ. ನಿನ್ನ ಸಿಟ್ಟು ಇಳಿದಿದೆ ಎಂದು ನಾನು ಅಂದುಕೊಂಡೆ. ಹೊರಡುವ ಹಿಂದಿನ ದಿನ, ಮಂಗಳವಾರ, ನೀನು "ಗೆಳೆಯನನ್ನು ನೋಡಿ ಬರ್ತೀನಿ" ಎಂದು ಹೋಗಿ ಎರಡು ಗಂಟೆಯಲ್ಲಿ ವಾಪಸ್ ಬಂದೆ. ಮುಖ ಸಪ್ಪಗಿತ್ತು. ಬ್ಯಾರಕ್ಕಿಗೆ ಮರಳುವ ಬೇಸರ ಎಂದು ಅಮ್ಮನೂ ನಾನೂ ಅಂದುಕೊಂಡೆವು. ದಡ್ಡರು ನಾವು.

ನೀನು ಹೋದ ಮರುದಿನ ನಾನು ಆಟದ ಒಳಗೆ ಹೋಗಲು ನೋಡಿದೆ. ಪಾಸ್‌ವರ್ಡ್ ಬದಲಾಗಿತ್ತು. ಆಮೇಲೆ ಅಭಿಪ್ರಾಯದ ಪುಟ ತೆರೆದೆ.

"ಎಚ್ಚರಿಕೆ! ಮಂಗಳವಾರ ನಮ್ಮ ಒಡೆಯರ ಖಾತೆಯನ್ನ ಯಾರೋ ಕದ್ದಿದಾರೆ. ಕಳ್ಳ ಬಂದೋನೇ 'ಸಾಲಾಗಿ ನಿಲ್ಲಿ' ಅಂದ. ಯಾರೂ ಏಳ್ಲಿಲ್ಲ. 'ಏನಾಗಿದೆ ನಿಮ್ಗೆಲ್ಲ, ನಾನೇ ಕಣ್ರೋ ಕರಿಗಲ್ಲು' ಅಂದ. ನನಗೆ ಅನುಮಾನ ಬಂದು, ಹಾಗಿದ್ರೆ ಕಪ್ಪೆ ಹೆಸ್ರು ಹೇಳು ಅಂದೆ. ಹೇಳಕ್ಕೆ ಬರ್ಲಿಲ್ಲ. ನಲವತ್ತು ಜನಾನೂ ಬೆನ್ನು ತಿರುಗಿಸಿ ನಿಂತ್ವಿ. ಒಂದು ಗಂಟೆ ಅಂಗಳದಲ್ಲಿ ಒಬ್ಬನೇ ನಿಂತಿದ್ದ, ನಾಚಿಕೆಗೆಟ್ಟೋನು. ನಮ್ಮೊಡೆಯರು ವಾಪಸ್ ಬರೋವರ್ಗೂ ಕೋಟೆ ಕಾಯ್ತೀವಿ. ಬೂದಿಬೆಕ್ಕು."

ಅಣ್ಣಾ, ಆ ಒಂದು ಗಂಟೆ ನೀನು ಯಾಕೆ ನಿಂತೆ? "ಇಷ್ಟು ದಿನ ಆಡಿದವಳು ನನ್ನ ತಂಗಿ" ಎಂದು ಒಂದು ಮಾತು ಹೇಳಬಾರದಿತ್ತೇ? ಹೇಳಿದರೆ ಕರಿಗಲ್ಲನ್ನು ಅಳಿಸುತ್ತಾರೆ ಎಂದು ಹೆದರಿದೆಯಾ? ಮನೆಗೆ ಬಂದು ನನ್ನ ಕೆನ್ನೆಗೆ ಎರಡು ಬಾರಿಸಬಹುದಿತ್ತು. ಅದು ಬಿಟ್ಟು ಏಡಿಯ ಉಪ್ಪಿನಕಾಯಿ ಇನ್ನಷ್ಟು ಹಾಕು ಎಂದು ಕೇಳಿ ಹಾಕಿಸಿಕೊಂಡೆಯಲ್ಲ.

ಉತ್ತರ ಬರೆ.

ನಾರೆ

*

ಹ್ವಾಚೊನ್, ಮೇ ೩೧

ನಾರೆ,

ನಿನ್ನ ಹೆಸರು ಹೇಳಲಿಲ್ಲ, ಏಕೆಂದರೆ ಹೇಳಿದ್ದರೆ ಅವರಿಗೆ ಬೇಕಾದವಳು ಯಾರೆಂದು ಗೊತ್ತಾಗುತ್ತಿತ್ತು. ಕಳ್ಳನಾದರೂ ಆಗುತ್ತೇನೆ, ನಿನ್ನನ್ನು ಅವರಿಗೆ ಪರಿಚಯಿಸುವುದಿಲ್ಲ ಎನ್ನಿಸಿತು. ಅಷ್ಟು ಹೊಟ್ಟೆಕಿಚ್ಚು.

ಒಂದು ಗಂಟೆ ಯಾಕೆ ನಿಂತೆ? ಒಬ್ಬರಾದರೂ ತಿರುಗಿ ನೋಡುತ್ತಾರೆ ಎಂದುಕೊಂಡಿದ್ದೆ.

ಪಾಸ್‌ವರ್ಡ್ ಬದಲಾಯಿಸಿದ್ದು ನಾನೇ. ಕೊಡುವುದಿಲ್ಲ. ನಾನು ಕೊನೆಯದಾಗಿ ಒಳಗೆ ಹೋದದ್ದು ಮೇ ೧೭. ಜೂನ್ ೧೬ಕ್ಕೆ ಮೂವತ್ತು ದಿನ. ಕೋಟೆ ಬೀಳಲಿ. ಒಡೆಯ ಬರುತ್ತಾನೆ ಎಂದು ಕಾಯುತ್ತಾರಂತಲ್ಲ, ಕಾಯಲಿ. ಕಟ್ಟಿದವನಿಗೆ ಕೆಡವುವ ಹಕ್ಕಿದೆ.

ನೀನು ಬೇಕಾದರೆ ಹೊಸ ಹೆಸರಿನಲ್ಲಿ ಹೋಗು. ಮೊದಲ ಮೆಟ್ಟಿಲಿಂದ ಶುರು ಮಾಡು, ಜೌಗಿನಲ್ಲಿ ಸಾಯಿ. ಕರಿಗಲ್ಲಿನ ಹೆಸರಿಲ್ಲದೆ ಯಾರು ನಿನ್ನನ್ನು ಮೂಸುತ್ತಾರೋ ನೋಡೋಣ.

ಜಿನ್ಮೊ

*

ಗುನ್ಸಾನ್, ಜೂನ್ ೬

ಅಣ್ಣಾ,

ನೀನು ಹೇಳುವ ಮೊದಲೇ ಹಾಗೆ ಮಾಡಿ ನೋಡಿದ್ದೆ. ಮೇ ಕೊನೆಯಲ್ಲಿ ಹೊಸ ಹೆಸರಿನಲ್ಲಿ ಹೋದೆ. ಕೈಯಲ್ಲಿ ಒಂದು ಕೋಲು, ಮೈಮೇಲೆ ಗೋಣಿ. ಜೌಗಿನ ಅಂಚಿನಲ್ಲಿ ಉಪ್ಪುಮೀನು ಕಾವಲಿಗೆ ನಿಂತಿದ್ದ. ಎರಡು ಮಾತಾಡಿದೆ, ಅಷ್ಟೇ. "ಒಡೆಯಾ! ನೀವೇ ಅಲ್ವಾ? ಯಾರೋ ನಿಮ್ ಖಾತೆ ಕದ್ದು ನಿಮ್ಮನ್ನ ಈ ಗತಿಗೆ ತಂದ್ರಾ?" ಎಂದ. ಹತ್ತು ನಿಮಿಷದಲ್ಲಿ ಎಲ್ಲರೂ ಓಡಿ ಬಂದರು. ಬೂದಿಬೆಕ್ಕು ತನ್ನ ಮೇಲಂಗಿಯನ್ನೇ ತೆಗೆದು ನನ್ನ ಕಾಲ ಬಳಿ ಇಟ್ಟಳು.

ಇದನ್ನು ಓದಿ ನಿನಗೆ ಎಷ್ಟು ಉರಿಯುತ್ತದೆ ಎಂದು ಗೊತ್ತು. ಆದರೂ ಬರೆದೆ, ಏಕೆಂದರೆ ಮುಂದಿನದನ್ನೂ ನೀನು ತಿಳಿಯಬೇಕು. ಅವತ್ತೇ ಆ ಹೆಸರನ್ನು ಅಳಿಸಿ ಹೊರಗೆ ಬಂದೆ. ಮತ್ತೆ ಹೋಗಿಲ್ಲ. ಅವರ ಮಧ್ಯೆ ನಿಂತಿದ್ದಾಗ ನಿನ್ನ ಕೋಟೆ ಹಿಂದೆ ಕಾಣುತ್ತಿತ್ತು. ಕಟ್ಟಿದ ಕೋಟೆಯ ಒಳಗೆ ನಿಂತು ಎಲ್ಲರಿಗೂ ಒಳ್ಳೆಯವಳಾಗುವುದು ಸುಲಭ ಅಣ್ಣಾ. ಹಗಲು ರಾತ್ರಿ ಕಾದು ಅದನ್ನು ಕಟ್ಟಿದ್ದರೆ ನಾನೂ ಮೂರೇ ಮಾತಿನವಳಾಗುತ್ತಿದ್ದೆನೋ ಏನೋ.

ಹೊಟ್ಟೆಕಿಚ್ಚು ನಿನಗೊಬ್ಬನಿಗೇ ಎಂದುಕೊಂಡಿದ್ದೀಯಾ? ಅಂಗಡಿಯ ಗೋಡೆಯ ಮೇಲೆ ನಿನ್ನ ಪತ್ರವಿದೆ, ನಿನ್ನ ಫೋಟೊ ಇದೆ. ನೀನು ಮನೆಯಲ್ಲಿದ್ದಾಗಲೂ ಅಷ್ಟೇ, ಪಾಲಿಟೆಕ್ನಿಕ್ ಬಿಟ್ಟು ಬಂದಾಗಲೂ ಅಮ್ಮ ಮೊದಲ ಬಟ್ಟಲು ನಿನಗೇ ಬಡಿಸಿದಳು. ಹತ್ತೊಂಬತ್ತು ವರ್ಷದಲ್ಲಿ ಯಾರೂ ನನಗಾಗಿ ಕಾದದ್ದು ನನಗೆ ನೆನಪಿಲ್ಲ. ನಿನ್ನ ಹೆಸರು ಹಾಕಿಕೊಂಡ ಮೇಲೆ ನಲವತ್ತು ಜನ ಕಾದರು. ಮೊದಲ ದಿನ ಅವರು ಎದ್ದು ನಿಂತಾಗ ನಗು ಬಂತು ಎಂದು ಬರೆದಿದ್ದೆನಲ್ಲ, ಸುಳ್ಳು. ನಗು ಬರಲಿಲ್ಲ. ಇದೆಲ್ಲ ಇವನಿಗೇ ಯಾಕೆ ಎನ್ನಿಸಿತು. ಅದಕ್ಕೇ ಮಾತಾಡಿದೆ. ಬೂದಿಬೆಕ್ಕು ಸುಸ್ತಾಗಿದ್ದಳು ಎಂಬುದು ನಿಜ, ಆದರೆ ಅದೊಂದೇ ಕಾರಣವಲ್ಲ. ನಿನ್ನ ಜನ ನನ್ನ ಜನ ಆಗಲಿ ಎಂದು ಆಸೆಯಾಯಿತು.

ಕೋಟೆ ಕೆಡವುವುದಾದರೆ ಕೆಡವು. ನಾನು ಕೇಳುವುದಿಲ್ಲ.

ನಾರೆ

*

ಹ್ವಾಚೊನ್, ಜೂನ್ ೧೦
ತುರ್ತು ಅಂಚೆ

ನಾರೆ,

ನಿನ್ನ ಪತ್ರ ನಿನ್ನೆ ಬಂತು. ಹವಾಲ್ದಾರ್ ಗುಕ್ ಕೈ ಚಾಚಿದ. ಮೊದಲ ಸಲ "ಕೊಡಲ್ಲ" ಎಂದೆ. ಮೈದಾನಕ್ಕೆ ಹತ್ತು ಸುತ್ತು ಓಡಿಸಿದ. ಓಡಿ ಬಂದು ಕೂತ ಮೇಲೆ ಅವನೇ ಪಕ್ಕಕ್ಕೆ ಬಂದು, "ಅಷ್ಟು ಕೆಟ್ಟ ಸುದ್ದೀನೇನೋ?" ಎಂದು ಮೆಲ್ಲಗೆ ಕೇಳಿದ.

ನೀನು ಆಟ ಬಿಟ್ಟೆ ಎಂದು ಓದಿದಾಗ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ. ಎದೆಯಲ್ಲಿ ತಂಪಾಯಿತು. ಆಮೇಲೆ ಉಪ್ಪುಮೀನು ನಿನ್ನನ್ನು ಎರಡು ಮಾತಿನಲ್ಲಿ ಗುರುತು ಹಿಡಿದದ್ದನ್ನು ಓದಿದೆ, ತಂಪೆಲ್ಲ ಹೊರಟುಹೋಯಿತು. ಅಮ್ಮನ ಮೊದಲ ಬಟ್ಟಲಿನ ಸಾಲನ್ನು ಓದಿದ ಮೇಲೆ ಊಟಕ್ಕೆ ಕೂತೆ. ತಟ್ಟೆಯನ್ನು ಹಾಗೇ ಪಕ್ಕದವನ ಕಡೆ ಸರಿಸಿದೆ. ನಿನಗೂ ನನ್ನನ್ನು ಕಂಡರೆ ಹೊಟ್ಟೆಕಿಚ್ಚು ಇರಬಹುದು ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ನನ್ನ ಬಳಿ ಏನಿದೆ ಎಂದು ಯಾರಾದರೂ ಹೊಟ್ಟೆಕಿಚ್ಚು ಪಡಬೇಕು?

ನಾರೆ, ನನಗೆ ನಲವತ್ತು ಜನರ ಮುಂದೆ ನಿಂತು ಗೊತ್ತಿತ್ತು, ಅವರ ಜೊತೆ ಕೂತು ಗೊತ್ತಿರಲಿಲ್ಲ. ನಿನಗೆ ಅದು ಆರು ವಾರದಲ್ಲಿ ಬಂತು. ನನಗೆ ಎಂದಾದರೂ ಬರುತ್ತದೋ ಇಲ್ಲವೋ. ಬಿಡುಗಡೆಯಾಗಿ ಬಂದ ಮೇಲೂ ಅವರು ನಿನ್ನನ್ನೇ ಕೇಳುತ್ತಾರೆ. ನನ್ನ ಕಡೆ ನೋಡಿ ನಿನ್ನನ್ನು ಕೇಳುತ್ತಾರೆ. ಅದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ.

ಹೊಸ ಪಾಸ್‌ವರ್ಡ್ ಹಿಂದಿನ ಪುಟದಲ್ಲಿದೆ. ಗುರುವಾರದೊಳಗೆ ಒಳಗೆ ಹೋಗು. ಬೂದಿಬೆಕ್ಕಿಗೆ ಬೇಕಾದಷ್ಟು ರಜೆ ಕೊಡು. ಮಂಗಳವಾರ ಬಂದವನ ವಿಷಯ ಯಾರಾದರೂ ತೆಗೆದರೆ, ಕಳ್ಳ ಎಂದೇ ಹೇಳು, ಪರವಾಗಿಲ್ಲ.

ಹೊಟ್ಟೆಕಿಚ್ಚು ಆರಿದ ಮೇಲೆ ಸಮಾಧಾನದಿಂದ ಕಳಿಸೋಣ ಎಂದು ನಿನ್ನೆಯಿಡೀ ಕಾದೆ. ಇವತ್ತು ಬೆಳಿಗ್ಗೆಯೂ ಕಾದೆ. ಆರಲಿಲ್ಲ. ಅದು ಆರುವ ತನಕ ಕಾದರೆ ಕೋಟೆ ಉಳಿಯುವುದಿಲ್ಲ. ಅದಕ್ಕೇ ಉರಿಯುತ್ತಿರುವಾಗಲೇ ಕಳಿಸುತ್ತಿದ್ದೇನೆ, ತಗೋ.

ಅಣ್ಣ